ಚಿಕ್ಕಪ್ಪನ ಕೋವಿ, ನನ್ನ ಕೊಡೆ

ಆ ಮಧ್ಯಾಹ್ನ ಚಿಕ್ಕಪ್ಪನನ್ನು ಕಾಡಿದ ಮಂಗಗಳಲ್ಲಿ ಒಂದು ನಾನೇ. ಪಟಾಕಿ ಮದ್ದಿನ ವಾಸನೆ ಬಂದರೆ ಈಗಲೂ ಅದು ನೆನಪಾಗುತ್ತದೆ.

ಬೆಳಗಿನಿಂದ ತೋಟದಲ್ಲಿ ಮಂಗಗಳ ಹಿಂದೆ ಓಡಿ ಚಿಕ್ಕಪ್ಪ ಸುಸ್ತಾಗಿದ್ದ. ಉಳಿದಿದ್ದು ಒಂದೇ ಬಾಳೆಗೊನೆ. ಅದರ ಮೇಲೆ ಕೂತ ಮಂಗಕ್ಕೆ ಹತ್ತಿರದಿಂದಲೇ ಕೋವಿ ಹಾರಿಸಿದ. ಗುಂಡು ಎತ್ತಲೋ ಹೋಯಿತು. ಮಂಗ ಹಣ್ಣು ಸುಲಿಯುತ್ತಲೇ ಇತ್ತು.

ನಾನು ಕೊಡೆಯನ್ನು ಹೆಗಲಿಗಿಟ್ಟು, ಶಿರಸಿಯ ಟಾಕೀಸಿನಲ್ಲಿ ಕಂಡ ಸ್ನೈಪರ್ ಹೀರೋನಂತೆ ಒಂದು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದೆ.

"ಅಂವ ಎರಡು ಮೈಲಿಯಿಂದ ಹೊಡದ್ರೂ ವಿಲನ್ನಿನ ಅಂಗಿಗುಂಡಿಗೇ ತಾಗ್ತು. ನೀ ಹೊಡದ್ರೆ ಎಂತಕ್ಕೆ ತಾಗ್ತಿಲ್ಲೆ, ಚಿಕ್ಕಪ್ಪಾ?"

ಚಿಕ್ಕಪ್ಪ ಬಿಸಿ ನಳಿಗೆಯನ್ನು ಮೊಣಕಾಲಿಗೆ ತಾಗದಂತೆ ಒರಗಿಸಿ, ನೆಲಕ್ಕೆ ಕುಸಿದು ಕೂತ.

"ಸಿನೆಮಾದಲ್ಲಿ ಬೀಳಂವಂಗೆ ಬೀಳಲೇ ಸಂಬಳ ಕೊಡ್ತ ತಮಾ. ಈ ಮಂಗಂಗೆ ಯಾರು ಕೊಡ್ತ?"