ತವರಿನ ಕೊಡ

ಸಂಡಾಸದ ಪೈಪು ಎಲ್ಲಿಗೆ ಹೋಗಿದೆ ಎಂದು ಗೃಹಪ್ರವೇಶದ ದಿನ ಯಾರೂ ನೋಡುವುದಿಲ್ಲ. ಲಲಿತಾಬಾಯಿ ನೋಡಿದಳು. ಕಾಲು ತೊಳೆಯಲೆಂದು ಮಗಳ ಹೊಸ ಮನೆಯ ಹಿತ್ತಲಿಗೆ ಬಂದವಳು, ಗೋಡೆಯಿಂದ ಇಳಿದ ದಪ್ಪ ಪೈಪು ಒಂದು ಹಾಸುಬಂಡೆಯ ಸಂದಿಯೊಳಗೆ ತೂರಿದ್ದನ್ನು ಕಂಡು ನಿಂತುಬಿಟ್ಟಳು. ಬಂಡೆಯ ಸುತ್ತಲಿನ ಆ ಕೆಂಪುಕಲ್ಲಿನ ಕಟ್ಟೆ ಅವಳಿಗೆ ಹೊಸದಲ್ಲ.

ಬೀದರಿನ ಅಂಚಿನ ಈ ಲೇಔಟು ಒಂದು ಕಾಲಕ್ಕೆ ಬರೀ ಜೋಳದ ಹೊಲ. ಹೊಲದಡಿಯಲ್ಲಿ ಸುರಂಗ ಬಾವಿ: ನೆಲದೊಳಗೇ ಕೊರೆದ ಹಳೇ ಕಾಲದ ಕಾಲುವೆ, ಗಾಳಿಗೆಂದು ಅಲ್ಲಲ್ಲಿ ಬಾಯಿ ತೆರೆದ ಕಿಂಡಿಗಳು. ಆ ನೀರು ಹೊರಬೀಳುವುದು ಇಳಿಜಾರಿನಲ್ಲಿರುವ ಅವಳ ಊರಲ್ಲಿ. ಬೇಸಿಗೆ ಬಂತೆಂದರೆ ಊರ ಗಂಡಸರು ಒಳಹೊಕ್ಕು ಹೂಳು ತೆಗೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಲಲಿತಾಬಾಯಿ ಈಗ ಬಂಡೆ ಮುಚ್ಚಿರುವ ಇದೇ ಕಿಂಡಿಯ ಕಟ್ಟೆಯ ಮೇಲೆ ರೊಟ್ಟಿಯ ಗಂಟಿಟ್ಟುಕೊಂಡು, ಮೈಯೆಲ್ಲ ಕೆಸರಾಗಿ ಮೇಲೇರಿ ಬರುವ ಗಂಡನಿಗಾಗಿ ಕಾಯುತ್ತಿದ್ದಳು.

ಇವತ್ತು ಹೊಸ ಒಲೆಯ ಮೊದಲ ಅಡುಗೆಗೆ ತವರಿನ ನೀರೇ ಆಗಬೇಕೆಂದು ಅವಳು ಕೊಡ ತುಂಬಿ ತಂದದ್ದೂ ಅದೇ ನೀರು. ಬಂದವರೆಲ್ಲ ಕುಡಿದು ಹೊಗಳಿದ್ದರು. ಅಳಿಯ ಸಂಜುಕುಮಾರನಂತೂ ಗ್ಲಾಸಿನ ಮೇಲೆ ಗ್ಲಾಸು ಗಟಗಟ ಏರಿಸಿದ್ದ.

ಅವನೇ ಈಗ ಅತ್ತೆಯನ್ನು ಊಟಕ್ಕೆ ಕರೆಯಲು ಬಂದ. ಪೈಪಿನ ಬಗ್ಗೆ ಕೇಳಿದ್ದೇ ತಡ, ಖುಷಿಯಿಂದ ಹೇಳತೊಡಗಿದ. ಮನೆ ಕಟ್ಟಿದ ಗೌಂಡಿ ಕೊಟ್ಟ ಉಪಾಯವಂತೆ. ಗುಂಡಿ ತೋಡುವ ಖರ್ಚು ಉಳಿಯಿತಂತೆ. ಈ ಸಾಲಿನ ಮನೆಗಳೆಲ್ಲ ವರ್ಷದಿಂದ ಹೀಗೇ ಮಾಡಿಕೊಂಡಿವೆಯಂತೆ. ಭಲೇ ಉಪಾಯ!

"ಎಷ್ಟು ಬಿಟ್ರೂ ತುಂಬಂಗಿಲ್ರಿ ಅತ್ತಿ. ಜನ್ಮದಾಗ ಚಿಂತಿಲ್ಲ."

"ತುಂಬಂಗಿಲ್ಲ ಅಂದ್ರ ಎಲ್ಲಿಗಿ ಹೋಗ್ತದ್ರಿ?"

"ಭೂಮ್ಯಾಗ ಹೋಗ್ತದ."

"ಭೂಮ್ಯಾಗ ಅಲ್ರಿ ಅಳಿಯಂದ್ರ. ನನ್ನ ಕೊಡದಾಗ ಬರ್ತದ."

ಮುಂಜಾನೆ ಕುಡಿದದ್ದು ನೆನಪಾಗಿ ಸಂಜುಕುಮಾರನ ಮುಖ ಕಪ್ಪಿಟ್ಟಿತು. ಆದರೂ ಬಾಯಿ ಸುಮ್ಮನಿರಲಿಲ್ಲ. ಎಲ್ಲರೂ ಬಿಡುವಾಗ ತಾನೊಬ್ಬ ನಿಲ್ಲಿಸಿದರೆ ಏನು ಬಂತು ಎಂದ. ಮಂದಿ ಊಟಕ್ಕೆ ಕುಳಿತಿದ್ದಾರೆ, ದನಿ ಏರಿಸಬೇಡಿ ಎಂದ.

ಲಲಿತಾಬಾಯಿಗೆ ಮೈ ಉರಿದುಹೋಯಿತು. ಊರಲ್ಲಿ ಮಳೆಗಾಲಕ್ಕೆ ಮುಂಚಿನಿಂದ ಮಕ್ಕಳ ಹೊಟ್ಟೆ ಕೆಟ್ಟಿದೆ. ಆಶಾ ಕಾರ್ಯಕರ್ತೆ ಬಂದು ಕೈ ತೊಳೀರಿ, ಕೊಡ ತೊಳೀರಿ ಎಂದು ಬೈದು ಹೋಗುತ್ತಾಳೆ. ಹೆಂಗಸರು ಬೂದಿ ಹಚ್ಚಿ ಕೊಡ ತಿಕ್ಕಿ ತಿಕ್ಕಿ ಸವೆಸುತ್ತಿದ್ದಾರೆ. ಇಲ್ಲಿ ನೋಡಿದರೆ ಇವರು ಮಂಟಪ ಕಟ್ಟಿ, ತೋರಣ ಹಾಕಿ, ಊರ ಬಾಯಿಗೇ ಪೈಪು ಜೋಡಿಸಿ ಕುಳಿತಿದ್ದಾರೆ! ತಲೆಮಾರುಗಟ್ಟಲೆ ಗಂಡಸರು ಬೊಗಸೆಯಲ್ಲಿ ಹೂಳೆತ್ತಿ ಉಳಿಸಿದ ನೀರು ಅದು. ಅದನ್ನು ಕೆಡಿಸಲು ಒಬ್ಬ ಗೌಂಡಿಯ ಮಾತು ಸಾಕಾಯಿತು.

ಅಷ್ಟರಲ್ಲಿ ಒಳಗೆ ಯಾರೋ ನೀರು ಬಿಟ್ಟರು. ಪೈಪು ಗುಡುಗುಡು ಎಂದಿತು. ಬಂಡೆಯ ಕೆಳಗೆ, ಬಹಳ ಆಳದಲ್ಲಿ, ಏನೋ ಬಿದ್ದ ಸದ್ದಾಯಿತು. ಇಬ್ಬರೂ ಅದನ್ನು ಕೇಳಿದರು.

ಏನೂ ಅರಿಯದ ಮಗಳು ಸೋನಾಲಿ ನಗುತ್ತಾ ಹಿತ್ತಲಿಗೆ ಬಂದಳು. ತವರಿನ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಕೊಡದ ತುಂಬ ಗೋಧಿ ತುಂಬಿ ತಂದಿದ್ದಳು.

ಲಲಿತಾಬಾಯಿ ಕೊಡವನ್ನು ನೋಡಿದಳು, ಬಂಡೆಯನ್ನು ನೋಡಿದಳು.

"ಗೋಧಿ ಒಳಗ ಸುರುವು ಮಗಳ. ಕೊಡ ಖಾಲೀನೇ ಕೊಡು. ಇನ್ನ ದಿನಾ ನೀವು ಕಳಿಸೂದನ್ನೇ ಇದರಾಗ ತುಂಬ್ಕೋಬೇಕಲ್ಲ."