ನಾಲ್ಕು ವರ್ಷದ ತೂಕ

“ಸಣ್ಣಪುಟ್ಟ ಫೈಲ್ ಹಾಕಿ ಶಹಬ್ಬಾಸ್ ಅನ್ನಿಸ್ಕೊಳ್ಳೂದಲ್ಲ. ನನ್ನ ಪ್ರಾಜೆಕ್ಟ್ ಹಾಕ್ರಿ. ಅದು ಹೆಂಗ ಸಣ್ಣದಾಗ್ತದ ನೋಡೇಬಿಡೋಣು!” ಹೆಬ್ಬಾಳದ ಕಚೇರಿಯ ಮೀಟಿಂಗ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಬಸವಕಿರಣ ಸವಾಲು ಹಾಕಿದ.

ಫಾಯಿಜಾ ತಲೆ ಎತ್ತಿದಳು. ಕೆಲಸಕ್ಕೆ ಸೇರಿ ಬರೀ ಆರು ತಿಂಗಳು. ಒಂದಕ್ಷರ ತಿದ್ದಿದರೂ ಇಡೀ ಫೈಲನ್ನು ಮತ್ತೆ ಎತ್ತಿಡುತ್ತಿದ್ದ ಹಳೇ ವ್ಯವಸ್ಥೆಯಿಂದ ಸರ್ವರ್ ತುಂಬಿಹೋಗಿತ್ತು. ಮೊದಲ ಪ್ರತಿ ಪೂರ್ತಿ ಇಟ್ಟು, ಆಮೇಲೆ ಹೊಸದಾಗಿ ಬಂದದ್ದನ್ನಷ್ಟೇ ಇಡುವ ವಿಧಾನ ಅವಳದು. ಇವತ್ತು ಅದು ಗೆದ್ದರೆ ಅವಳೇ ಟೀಮ್ ಲೀಡ್. ಆ ಕುರ್ಚಿಯ ಮೇಲೆ ನಾಲ್ಕು ವರ್ಷದಿಂದ ಕಣ್ಣಿಟ್ಟವನು ಬಸವಕಿರಣ. ನಿನ್ನೆ ಮೊನ್ನೆ ಬಂದವಳು! ಮ್ಯಾನೇಜರ್ ರಘುನಾಥ್ ಅವಳ ಹೆಸರೆತ್ತಿದರೂ ಸಾಕು, ಅವನಿಗೆ ಊಟ ಸೇರುತ್ತಿರಲಿಲ್ಲ.

ಆದರೆ ಅವನಿಗೊಂದು ಧೈರ್ಯವಿತ್ತು. ನಾಲ್ಕು ವರ್ಷದಲ್ಲಿ ಅವನು ದಾಖಲಿಸಿದ ಬದಲಾವಣೆಗಳು ಆರು ಸಾವಿರ! ಗೊರಗುಂಟೆಪಾಳ್ಯದ ಜಾಮಿನಲ್ಲಿ ಬಸ್ಸು ನಿಂತರೂ ಲ್ಯಾಪ್‌ಟಾಪ್ ತೆರೆದು ಒಂದು ಬದಲಾವಣೆ ದಾಖಲಿಸುತ್ತಿದ್ದ. ಅಷ್ಟೊಂದನ್ನು ಯಾವ ವಿಧಾನ ಕುಗ್ಗಿಸೀತು?

“ಕಿರಣ್, ಬೇರೆ ಯಾವ್ದಾದ್ರೂ ಹಾಕೋಣ್ವಾ?” ಫಾಯಿಜಾ ಮೆಲ್ಲಗೆ ಕೇಳಿದಳು.

“ಯಾಕ್ರೀ, ಅಂಜಿಕಿ ಆತೇನು?”

ಅವಳು ಕೀ ಒತ್ತಿದಳು. ಹನ್ನೆರಡು ಜಿಬಿ ಇದ್ದದ್ದು ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಕೊನೆಗೆ ಮೊಬೈಲಿನ ಒಂದು ಫೋಟೋದಷ್ಟಕ್ಕೆ ಬಂದು ನಿಂತಿತು.

“ಅಯ್ಯೋ, ಏನಾದ್ರೂ ಕಳ್ದುಹೋಯ್ತೇನಮ್ಮಾ?” ರಘುನಾಥ್ ಗಾಬರಿಯಾದರು.

“ಇಲ್ಲ ಸರ್, ನೋಡಿ.” ಕುಗ್ಗಿದ ಫೈಲನ್ನು ಅವಳು ಮತ್ತೆ ಬಿಚ್ಚಿ ತೋರಿಸಿದಳು. ಆರು ಸಾವಿರವೂ ಇದ್ದವು, ಒಂದು ಚುಕ್ಕೆ ಹೆಚ್ಚುಕಮ್ಮಿಯಿಲ್ಲ.

ಬಸವಕಿರಣ ಪರದೆಯತ್ತ ನೋಡಿದ. ಮೇಲಿನ ಸಾಲು ಕೆಳಗೆ, ಕೆಳಗಿನದು ಮೇಲೆ. ಸೋಮವಾರ ಒಂದು ಹೆಸರು ಬದಲಿಸುವುದು, ಮಂಗಳವಾರ ಹಳೇ ಹೆಸರೇ ಇಡುವುದು. ಸಂಖ್ಯೆ ಏರಿಸಲು ಅವನು ಮಾಡಿದ್ದು ಇಷ್ಟೇ. ಹೊಸದೇನಾದರೂ ಇದ್ದರೆ ತಾನೇ ಅದು ಜಾಗ ಕೇಳುವುದು!

“ಅಂದ್ರೆ ಕಿರಣ್, ನಾಲ್ಕು ವರ್ಷ ನೀವು...” ರಘುನಾಥ್ ನಿಧಾನವಾಗಿ ಅವನತ್ತ ತಿರುಗಿದರು.

“ಸರ್, ಅವರ ಕೆಲ್ಸ ಅಷ್ಟು ಅಚ್ಚುಕಟ್ಟು, ಅದಕ್ಕೇ ಇಷ್ಟು ಸಣ್ಣದಾಯ್ತು,” ಫಾಯಿಜಾ ನಡುವೆ ಬಾಯಿ ಹಾಕಿದಳು. “ಥ್ಯಾಂಕ್ಸ್ ಕಿರಣ್. ಟೆಸ್ಟ್‌ಗೆ ಇದಕ್ಕಿಂತ ಒಳ್ಳೇದು ಸಿಗ್ತಿರ್ಲಿಲ್ಲ.”

ರಘುನಾಥ್ ತಲೆದೂಗಿ, ಹೊಸ ಟೀಮ್ ಲೀಡ್‌ನ ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವಕಿರಣನೂ ತಟ್ಟಿದ. ಅವನಿಗೆ ಕುರ್ಚಿ ಹೋದದ್ದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಸಿದ್ದು ಅವನ ಮಾನ ಉಳಿಸಲು ಅವಳಾಡಿದ ಆ ಸುಳ್ಳು.

ಥೂ, ಒಳ್ಳೆಯತನವನ್ನಾದರೂ ನನಗೆ ಬಿಡಬಾರದಿತ್ತೇ ಇವಳು!