ಸುಣ್ಣದ ಪೊಟ್ಟಣ

ಬೀಡಾ ಅಂಗಡಿಯಲ್ಲಿ ಯಾರಾದರೂ ಸುಣ್ಣದ ಪೊಟ್ಟಣ ಕತ್ತರಿಸಿದರೆ, ಆ ಹಸಿ ವಾಸನೆಗೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ.

ಆಗ ನಾವು ವಿದ್ಯಾರಣ್ಯಪುರಂನಲ್ಲಿ ಬಾಡಿಗೆಗಿದ್ದೆವು. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಇನ್ನೂ ಮಾತು ಬಾರದ ನನ್ನ ತಮ್ಮ ಅಳುತ್ತಿದ್ದ. ಅವನನ್ನು ನಗಿಸಲೆಂದು ಅಜ್ಜಿಯ ಎಲೆಚೀಲದಿಂದ ಸುಣ್ಣದ ಪೊಟ್ಟಣ ತೆಗೆದೆ. ಪ್ಲಾಸ್ಟಿಕ್ ಉಬ್ಬಿಕೊಂಡು ಮೆತ್ತಗಿತ್ತು. ಟಪ್ ಅನ್ನಲಿ ಎಂದು ಅವನ ಮುಖದ ಮುಂದೆ ಅದುಮಿದೆ. ಸುಣ್ಣ ಅವನ ಬಲಗಣ್ಣಿಗೆ ಸಿಡಿಯಿತು. ಅಜ್ಜಿ ಎದ್ದು ಬರುವ ಮೊದಲು ಒಡೆದ ಪೊಟ್ಟಣವನ್ನು ಅವನ ಮುಷ್ಟಿಗೆ ತುರುಕಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಆ ಕಣ್ಣು ಉಳಿಯುವುದಿಲ್ಲ ಎಂದರು.

"ಹೋದ ಜನ್ಮದ್ದು ಕಣಮ್ಮ, ಅನುಭವಿಸ್ಲೇಬೇಕು" ಎಂದಳು ಅಜ್ಜಿ.

"ಬುಡಿ ಅತ್ತೆ! ಮಾತೇ ಬರದ ಕೂಸು ಯಾವ ಜನ್ಮದಲ್ಲಿ ಏನ್ ಮಾಡಿತ್ತು?" ಎಂದು ಅಮ್ಮ ರೇಗಿದಳು.

"ಜನ್ಮ ಗಿನ್ಮ ಆಮೇಲೆ. ಪೊಟ್ಟಣ ಅವನ ಕೈಗೆ ಎಂಗೆ ಬಂತು? ಅದನ್ನ ಹೇಳವ್ವ ಮೊದ್ಲು" ಎಂದರು ಅಪ್ಪ.

ಅಜ್ಜಿ ತಲೆ ತಗ್ಗಿಸಿದಳು. "ಚೀಲನ ನಾನೇ ಕೆಳಗಿಟ್ಟಿದ್ದೆ ಕಣಪ್ಪ." ಆಮೇಲೆ ಸಾಯುವವರೆಗೂ ಅವಳು ಎಲೆ ಅಡಿಕೆ ಮುಟ್ಟಲಿಲ್ಲ.

ಅಮ್ಮ ಆಸ್ಪತ್ರೆಯ ಗೋಡೆಯಲ್ಲಿದ್ದ ದೇವರ ಪಟಕ್ಕೆ ಬೆರಳು ತೋರಿಸಿದಳು. "ಅಲ್ಲೇ ಇದ್ದು ಎಲ್ಲಾ ನೋಡ್ದೋನು ಇವನು. ಯಾಕೆ ಸುಮ್ನಿದ್ದ? ಹೇಳು ಮಗ, ಯಾಕೆ ಸುಮ್ನಿದ್ದ?"

ನಾನು ಅವಳ ಸೆರಗು ಹಿಡಿದುಕೊಂಡು, ಪಟವನ್ನೇ ನೋಡುತ್ತಾ ನಿಂತೆ.